ಪೇಟೆಗೆ ಓಡದೆ ಮಳೆಗಾಲ ಕಳೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ ತಾಲೂಕಿನಿಂದ:

ನಮಸ್ಕಾರ. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದು ಹೋದ ದೀಪಾವಳಿಗೆ ಊರಿಗೆ ಬಂದು ನಿಂತಿದ್ದೇವೆ. ನಾನು, ಗಂಡ, ಆರು ವರ್ಷದ ಮಗಳು, ಮಾವ. ಅತ್ತೆ ತೀರಿಕೊಂಡು ಮೂರು ವರ್ಷವಾಯಿತು, ಕೇಳೋಣ ಅಂದರೆ ಅವರಿಲ್ಲ. ಎಕರೆ ಚಿಲ್ಲರೆ ಅಡಿಕೆ ತೋಟ, ಅದರ ಪಾಲಿನ ಬೆಟ್ಟ, ಎರಡು ಆಕಳು, ಒಂದು ಕರು ಇದೆ. ತಿಂಗಳ ಸಂಬಳ ನಿಂತಿದೆ. ಆದಷ್ಟು ಮನೆಯಲ್ಲೇ ಬೆಳೆದು, ಮಾಡಿಟ್ಟುಕೊಂಡು, ಕೊಳ್ಳುವುದನ್ನು ಕಡಿಮೆ ಮಾಡಬೇಕು ಅಂತಿದ್ದೇವೆ. ಈಗ ಮಾರ್ಚ್. ಮಳೆ ಹಿಡಿಯುವುದರೊಳಗೆ ಏನೇನು ಆಗಬೇಕು? ಯಾವುದು ನಿಜವಾದ ಉಳಿತಾಯ, ಯಾವುದು ಬರೀ ಹುಚ್ಚು? ವಿಡಿಯೊ ನೋಡಿ ನೋಡಿ ಸಾಕಾಗಿದೆ. ಕೈ ಸುಟ್ಟುಕೊಂಡವರು ಹೇಳಿದರೆ ಉಪಕಾರ.

ಹುಲೇಕಲ್ ಕಡೆಯಿಂದ, ಅರವತ್ತೆಂಟು ವರ್ಷದ ಅಜ್ಜಿ (ಟೈಪ್ ಮಾಡುತ್ತಿರುವುದು ಮೊಮ್ಮಗ):

ತಂಗೀ, ಮಾರ್ಚ್ ಅಂದರೆ ಮೊದಲು ಉಪ್ಪಿನಕಾಯಿಯ ಮಾವಿನ ಮಿಡಿ. ಉಳಿದದ್ದೆಲ್ಲ ಆಮೇಲೆ. ಗೊರಟು ಬಲಿಯಿತು ಅಂದರೆ ಅಪ್ಪೆಮಿಡಿಯ ಕತೆ ಮುಗಿಯಿತು, ಹಾಗಾಗಿ ಮರ ಹತ್ತುವವರು ಸಿಕ್ಕ ದಿನವೇ ಕೊಯ್ಯಿಸಿಬಿಡು. ಉದುರಿಸಿ ಹೆಕ್ಕುವುದಲ್ಲ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಇರಬೇಕು, ಸೊನೆ ಹೋಗಬಾರದು, ಪರಿಮಳ ಇರುವುದೇ ಅದರಲ್ಲಿ. ಪೆಟ್ಟು ಬಿದ್ದ ಒಂದು ಮಿಡಿ ಸಾಕು, ಭರಣಿಯೇ ಹಾಳು.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಬಿಪಿ ಬಂತು, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದರು. ನಾನು ತಿನ್ನುವುದನ್ನು ಕಡಿಮೆ ಮಾಡುವ ಬದಲು ಭರಣಿಗೇ ಕಡಿಮೆ ಹಾಕಿದೆ! ಆ ವರ್ಷದ ಆರುನೂರು ಮಿಡಿ ಗಣೇಶ ಚೌತಿ ಹೊತ್ತಿಗೆ ಮೆತ್ತಗಾಗಿ, ಹೊತ್ತುಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದಾಯಿತು. ಕೂಡಿಡುವ ಪದಾರ್ಥಕ್ಕೆ ಉಪ್ಪಿನಲ್ಲಿ ಕೈ ಬಿಗಿ ಹಿಡಿಯಬೇಡ. ಬೇಕಾದರೆ ಎರಡು ಮಿಡಿ ತಿನ್ನುವಲ್ಲಿ ಅರ್ಧ ತಿನ್ನು.

ಆಮೇಲೆ ಹಲಸು. ಬಲಿತಿರಬೇಕು, ಹಣ್ಣಾಗಿರಬಾರದು. ಸೊಳೆ ಬಿಡಿಸಿ ನಮ್ಮನೆ ಅಳತೆಯಲ್ಲಿ ಐದು ಪಾತ್ರೆ ಸೊಳೆಗೆ ಒಂದು ಪಾತ್ರೆ ಕಲ್ಲುಪ್ಪು. ಬೆರೆಸಿ, ಒತ್ತಿ ತುಂಬಿ, ಮೇಲೆ ಬಾಳೆಎಲೆ ಹಾಸಿ ಕಲ್ಲು ಹೇರಬೇಕು. ತನ್ನ ನೀರು ತಾನೇ ಬಿಟ್ಟು ಮುಳುಗುತ್ತದೆ. ಆಷಾಢದಲ್ಲಿ ತರಕಾರಿ ಅಂತ ಒಂದು ಚೂರು ಇರುವುದಿಲ್ಲ ನೋಡು, ಆಗ ತೆಗೆದು ರಾತ್ರಿಯಿಡೀ ನೀರಿಗೆ ಹಾಕಿ, ನಡುವೆ ನೀರು ಬದಲಿಸಿ, ಬೆಳಿಗ್ಗೆ ಪಲ್ಯವೋ ಹುಳಿಯೋ ರೊಟ್ಟಿಯೋ. ಹಲಸಿನ ಬೇಳೆ, ಅಂದರೆ ಬೀಜ, ಎಸೆಯಬೇಡ. ಕೆಮ್ಮಣ್ಣಿನಲ್ಲಿ ಹೊರಳಿಸಿ ಒಣ ಮಣ್ಣಿನಲ್ಲಿ ಹುಗಿದಿಟ್ಟರೆ ಬಹಳ ದಿನ ಬರುತ್ತದೆ.

ಮೊಗೆಕಾಯಿಯನ್ನು (ಸಾಂಬಾರು ಸೌತೆ) ಬಾಳೆಪಟ್ಟೆ ಹಗ್ಗದಲ್ಲಿ ಕಟ್ಟಿ ಮೆತ್ತಿಯ (ಅಟ್ಟದ) ಜಂತಿಗೆ ತೂಗಬೇಕು, ಒಂದಕ್ಕೊಂದು ತಾಗಬಾರದು. ಮುರುಗಲು (ಪುನರ್ಪುಳಿ) ಬಂದಾಗ ಸಿಪ್ಪೆ ಒಣಗಿಸಿಟ್ಟರೆ ವರ್ಷದ ಹುಣಸೆಹಣ್ಣಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಬೀಜದಿಂದ ತುಪ್ಪ ಆಗುತ್ತದೆ, ಹಿಮ್ಮಡಿ ಒಡೆದರೆ ಅದೇ ಮದ್ದು. ಇನ್ನು ಮಳೆಗಾಲದ ಸೊಪ್ಪಿಗೆ ಯಾರನ್ನೂ ಕೇಳಬೇಡ. ಒಂದೆಲಗ, ದೊಡ್ಡಪತ್ರೆ, ಚಗತೆ, ಎಲ್ಲ ಅಂಗಳದ ಬದಿಗೇ ಏಳುತ್ತದೆ. ಮಜ್ಜಿಗೆ, ತೆಂಗಿನಕಾಯಿ ಇದ್ದರೆ ದಿನಕ್ಕೊಂದು ತಂಬುಳಿ.

ಸಿದ್ದಾಪುರ, ಬಿಳಗಿ ಕಡೆಯಿಂದ:

ಅಡುಗೆಮನೆ ವಿಷಯ ಅಜ್ಜಿ ಹೇಳಿದ್ದಾರೆ. ನಾನು ಕೊಟ್ಟಿಗೆ ವಿಷಯ ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ಮನೆಗೆ ನಿಜವಾದ ಉಳಿತಾಯ ಅಂದರೆ ಗೋಬರ್ ಗ್ಯಾಸ್. ನಿಮ್ಮ ಮಾವನ ಕಾಲದ ಗುಂಡಿ ಹಿತ್ತಲಲ್ಲಿ ಇದ್ದೇ ಇರುತ್ತದೆ, ಹುಡುಕಿ. ಶಿರಸಿ, ಸಿದ್ದಾಪುರದಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಆಗಿತ್ತು, ಬೇರೆ ಊರಿನಲ್ಲಿ ಮುಚ್ಚಿಹೋದರೂ ಇಲ್ಲಿ ಹೇಗೆ ನಡೆಯುತ್ತಿದೆ ಅಂತ ವಿಜ್ಞಾನಿಗಳು ಬಂದು ಅಧ್ಯಯನ ಮಾಡಿ ಹೋಗಿದ್ದಾರೆ. ಡೂಮಿನಲ್ಲಿ ಬಿರುಕಿಲ್ಲದಿದ್ದರೆ ಹಳೆಯದನ್ನೇ ಎಬ್ಬಿಸಬಹುದು.

ಲೆಕ್ಕ ಹೀಗೆ: ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಅದು ಸಿಲಿಂಡರಿನ ಅರ್ಧ ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಗ್ಯಾಸಿಗೆ ಸಮ. ಅಂದರೆ ದಿನವೂ ತಪ್ಪದೆ ಕದಡಿ ಹಾಕಿದರೆ ತಿಂಗಳಿಗೆ ಹೆಚ್ಚುಕಡಿಮೆ 14.2 ಕೆ.ಜಿ.ಯ ಒಂದು ಸಿಲಿಂಡರ್ ಉಳಿಯಿತು. ಈಗ ನಿಮ್ಮ ಎರಡು ಆಕಳು ಯಾವ ಜಾತಿ ಅಂತ ಹೇಳಲಿಲ್ಲ. ಕಟ್ಟಿ ಸಾಕುವ ಜರ್ಸಿಯೋ ಎಚ್‌ಎಫ್ಫೋ ಆದರೆ ಎರಡು ಸಾಕು. ಮಲೆನಾಡು ಗಿಡ್ಡ ಆದರೆ ಅರ್ಧ ಸಗಣಿ ಗುಡ್ಡದಲ್ಲೇ ಹಾಕಿ ಬರುತ್ತವೆ, ನಾಲ್ಕೈದು ಇದ್ದರೂ ಸಾಲದು. ಹಾಲೂ ಹಾಗೆಯೇ, ಗಿಡ್ಡ ಎರಡು ಮೂರು ಲೀಟರ್ ಕೊಟ್ಟರೆ ದೊಡ್ಡದು. ಆದರೆ ಹಿಂಡಿ ಖರ್ಚಿಲ್ಲ, ಡಾಕ್ಟರ್ ಖರ್ಚಿಲ್ಲ. ನಾನು ಒಂದು ಕಾಲಕ್ಕೆ ಹಾಲಿನ ಆಸೆಗೆ ಎರಡು ಎಚ್‌ಎಫ್ ತಂದೆ. ಹಾಲು ಬಂತು ನಿಜ, ಆದರೆ ಬಂದ ದುಡ್ಡೆಲ್ಲ ಹಿಂಡಿ ಚೀಲಕ್ಕೆ ವಾಪಸ್ ಹೋಯಿತು. ಈಗ ಒಂದು ದೊಡ್ಡದು, ಮೂರು ಗಿಡ್ಡ. ಅಡಿಕೆ ಹಾಳೆ ಹೆಚ್ಚಿ ಹಾಕಿದರೆ ಬೇಸಿಗೆಯ ಮೇವಿಗೆ ಒಳ್ಳೆಯ ಆಸರೆ.

ಒಲೆಯ ಉರಿ ಕುಣಿಯಲು ಶುರುವಾದರೆ ಗ್ಯಾಸ್ ಖಾಲಿ ಅಂತ ಹೆದರಬೇಡಿ, ಪೈಪಿನಲ್ಲಿ ನೀರು ನಿಂತಿರುತ್ತದೆ, ಇಳಿಸಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗಬಾರದು. ಮಳೆಗಾಲದ ಚಳಿಗೆ ಗ್ಯಾಸ್ ಕಡಿಮೆಯಾಗುತ್ತದೆ, ಅದಕ್ಕೆ ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ಒಣ ಸೋಗೆ ಈಗಲೇ ಒಳಗೆ ಸೇರಿಸಿ. ಅಡುಗೆಗೆ ಕಟ್ಟಿಗೆ ಒಲೆಯೇ ಬೇಕು ಅಂದರೆ ಮೂರು ಪಾತ್ರೆ ಇಡುವ ಅಸ್ತ್ರ ಒಲೆ ಕಟ್ಟಿಸಿ, ಹೊಗೆ ಕಣ್ಣಿಗೆ ಬರುವುದಿಲ್ಲ.

ಗುಂಡಿಯಿಂದ ಹೊರಬಂದ ಬಗ್ಗಡ, ಬೆಟ್ಟದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಸೇರಿದರೆ ತೋಟಕ್ಕೆ ಬೇರೆ ಗೊಬ್ಬರ ಬೇಡ. ಆದರೆ ಒಂದು ಎಚ್ಚರಿಕೆ. ಜನವರಿಯಿಂದ ಮೇ ತನಕ ನಮ್ಮ ತಾಲೂಕಿನ ಕಡೆ ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಭಯ. ದರಕು ಗುಡಿಸಲು ಹೋಗುವವರು ಮೈತುಂಬ ಬಟ್ಟೆ ಹಾಕಿ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಯೇ ಹೋಗಬೇಕು. ಬಂದ ಕೂಡಲೇ ಬಿಸಿನೀರ ಸ್ನಾನ, ಉಣುಗು ಇದೆಯಾ ಅಂತ ನೋಡಬೇಕು. ಮಗುವನ್ನು ಜೊತೆಗೆ ಕರೆದೊಯ್ಯಬೇಡಿ.

ಕುಮಟಾ, ಅಘನಾಶಿನಿ ದಂಡೆಯಿಂದ:

ಅಕ್ಕಾ, ನೀವು ಘಟ್ಟದ ಮೇಲಿನವರು ನಮ್ಮನ್ನು ಮರೆತೇಬಿಡುತ್ತೀರಿ. ಆ ಭರಣಿಗಳಿಗೆಲ್ಲ ಉಪ್ಪು ಎಲ್ಲಿಂದ ಬರುತ್ತದೆ? ಸಾಣಿಕಟ್ಟೆಯ ಉಪ್ಪು ಒಂದು ಚೀಲ ತಂದಿಟ್ಟುಕೊಳ್ಳಿ, ಸೊಳೆಗೂ ಮಿಡಿಗೂ ಅದೇ ಸರಿ. ದಿನದ ಸಾರಿಗೆ ಮಾತ್ರ ಅಯೋಡಿನ್ ಇರುವ ಉಪ್ಪೇ ಬಳಸಿ, ಮನೆಯಲ್ಲಿ ಮಗು ಇದೆ. ದೇವಿಮನೆ ಘಟ್ಟ ಇಳಿದು ಬಂದಾಗ ನಮ್ಮ ಸಿಹಿ ಈರುಳ್ಳಿ ಗೊಂಚಲನ್ನೂ ಒಯ್ಯಿರಿ. ಹೆದ್ದಾರಿ ಬದಿಗೆ ಜಡೆ ಹೆಣೆದ ಹಾಗೆ ಕಟ್ಟಿ ತೂಗಿರುತ್ತಾರೆ. ಜಡೆ ಬಿಚ್ಚಬೇಡಿ, ಹಾಗೆಯೇ ಒಲೆಯ ಮೇಲಿನ ದಬ್ಬೆಗೆ ತೂಗಿದರೆ ಹೊಗೆ ತಾಗಿ ಕೆಡುವುದಿಲ್ಲ. ನಾನು ಒಮ್ಮೆ ಬಿಡಿಸಿ ಗೋಣಿಚೀಲಕ್ಕೆ ಹಾಕಿಟ್ಟೆ, ಮೊದಲ ಮಳೆಗೇ ಎಲ್ಲ ಮೊಳಕೆ.

ನೀವು ಮೀನು ತಿನ್ನುವವರಲ್ಲ ಅಂತ ಗೊತ್ತಾಯಿತು, ಆದರೂ ಓದುವವರು ಬೇರೆಯವರೂ ಇದ್ದಾರಲ್ಲ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಹಸಿಮೀನಿನ ರೇಟು ಕೇಳುವ ಹಾಗಿರುವುದಿಲ್ಲ. ಹಾಗಾಗಿ ಏಪ್ರಿಲ್, ಮೇ ಬಿಸಿಲಿಗೆ ಒಣ ಶೆಟ್ಲಿ (ಸಿಗಡಿ), ಒಣ ಬಂಗಡೆ, ತಾರ್ಲೆ (ಬೂತಾಯಿ) ಮಾಡಿಡುವುದು. ಕೊಂಡು ತಂದರೂ ಮತ್ತೆರಡು ದಿನ ನಮ್ಮ ಬಿಸಿಲಿಗೆ ಹಾಕಿಯೇ ಡಬ್ಬಿಗೆ ತುಂಬುತ್ತೇವೆ. ಗಂಜಿ, ಸುಟ್ಟ ಒಣಮೀನು, ಒಂದು ಈರುಳ್ಳಿ ಇದ್ದರೆ ಮಳೆ ಎಷ್ಟು ಬೇಕಾದರೂ ಹೊಯ್ಯಲಿ.

ಅಕ್ಕಿ ವಿಷಯ ಯಾರೂ ಹೇಳಲಿಲ್ಲ. ನಮ್ಮ ಗಜನಿಯಲ್ಲಿ (ಹೊಳೆದಂಡೆಯ ಉಪ್ಪುನೀರಿನ ಗದ್ದೆ) ಕಗ್ಗ ಅಂತ ಭತ್ತ ಇದೆ, ಉಪ್ಪುನೀರು ನುಗ್ಗಿದರೂ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಈಗ ಬೆಳೆಯುವವರು ಕಡಿಮೆ, ಮನೆಗಾಗುವಷ್ಟು ಸಿಕ್ಕರೆ ಪುಣ್ಯ. ನೀವು ಬನವಾಸಿ ಕಡೆಯಿಂದ ಸುಗ್ಗಿಯಲ್ಲೇ ಭತ್ತ ಕೊಂಡು ಮಿಲ್ಲು ಮಾಡಿಸಿ. ತೌಡು ಆಕಳಿಗೂ ಆಯಿತು.

ಯಲ್ಲಾಪುರ, ಮಂಚೀಕೇರಿಯಿಂದ:

ಎಲ್ಲರೂ ಭರಣಿ ಲೆಕ್ಕ ಹೇಳುತ್ತಿದ್ದೀರಿ. ನಮ್ಮನೆಯಲ್ಲಿ ದುಡ್ಡು ಸೋರಿದ್ದು ಭರಣಿಯಿಂದಲ್ಲ, ಖಾತೆಯಿಂದ. ಅಡಿಕೆ ಹಾಕುವ ಸೊಸೈಟಿಯಲ್ಲಿ ಹೆಸರು ಹೇಳಿ ಸಾಮಾನು ತರುವುದು ಸುಲಭ, ಕೈಯಿಂದ ನೋಟು ಹೋಗುವುದಿಲ್ಲವಲ್ಲ. ಒಂದು ವರ್ಷ ಅಡಿಕೆ ಮಾರಿ ಲೆಕ್ಕ ಚುಕ್ತಾ ಮಾಡಿದಾಗ ಕೈಗೆ ಬಂದದ್ದು ಮಗನ ಫೀಸಿಗೂ ಸಾಲಲಿಲ್ಲ. ತಪ್ಪು ಸೊಸೈಟಿಯದಲ್ಲ, ನಮ್ಮದೇ. ಈಗ ಗೋಡೆಗೆ ಒಂದು ಕ್ಯಾಲೆಂಡರ್ ತೂಗಿ, ತಂದ ದಿನವೇ ತಂದ ಮೊತ್ತ ಬರೆಯುತ್ತೇವೆ.

ಇನ್ನೊಂದು. ಯಾರಾದರೂ ಬಂದು ಈ ಬೆಳೆ ಹಾಕಿ, ಕೆ.ಜಿ.ಗೆ ಇಷ್ಟು ಸಾವಿರ ಅಂದರೆ ವೆನಿಲ್ಲಾ ನೆನಪು ಮಾಡಿಕೊಳ್ಳಿ. 2003ರ ಸುಮಾರಿಗೆ ಹಸಿ ಕೋಡಿಗೆ ಸಾವಿರಾರು ರೂಪಾಯಿ ಇತ್ತು, ರಾತ್ರಿ ಟಾರ್ಚ್ ಹಿಡಿದು ಕಾವಲು ಕಾದಿದ್ದೇವೆ. ಬಳ್ಳಿ ತುಂಬ ಕೋಡು ಬರುವ ಹೊತ್ತಿಗೆ ಕೇಳುವವರಿಲ್ಲ. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿ, ಅಷ್ಟು ಸಾಕು. ಅಡಿಕೆಯ ಕೊಳೆ ರೋಗದ ಮದ್ದಿಗೆ ಮಾತ್ರ ಉಳಿತಾಯ ಮಾಡಲು ಹೋಗಬೇಡಿ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಮಳೆಗೆ ಮೊದಲೊಮ್ಮೆ, ಒಂದೂವರೆ ತಿಂಗಳಿಗೆ ಇನ್ನೊಮ್ಮೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ದಿನವನ್ನು ಈಗಲೇ ಹೇಳಿಟ್ಟುಕೊಳ್ಳಿ, ಜೂನಿನಲ್ಲಿ ಅವರು ಮಂತ್ರಿಗಿಂತ ಬ್ಯುಸಿ.

ಶಿರಸಿಯಿಂದ, ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾದವಳು:

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಜ್ಜಿಯ ಮೇಲೆ ಗೌರವವಿದೆ, ಅವರು ಹೇಳಿದ್ದೆಲ್ಲ ನಿಜ. ಆದರೆ ಆ ಕೆಲಸಗಳು ಹುಟ್ಟಿದ್ದು ಹದಿನೆಂಟು ಜನರ ಮನೆಯಲ್ಲಿ. ಅಜ್ಜಿ, ಅತ್ತೆ, ಚಿಕ್ಕಮ್ಮ, ನಾದಿನಿ, ಪಕ್ಕದ ಮನೆಯವರು, ಎಲ್ಲ ಕುಳಿತು ಒಬ್ಬರು ಬೇಯಿಸಿ, ಇಬ್ಬರು ಕುಟ್ಟಿ, ನಾಲ್ಕು ಜನ ಹಚ್ಚಿ, ಮಕ್ಕಳು ಕಾಗೆ ಓಡಿಸಿ ಹಪ್ಪಳ ಆಗುತ್ತಿತ್ತು. ನಿಮ್ಮ ಮನೆಯಲ್ಲಿ ಹೆಂಗಸು ನೀವೊಬ್ಬರೇ.

ನಾನು ಮೊದಲ ಮೂರು ವರ್ಷ ಎಲ್ಲವನ್ನೂ ಮಾಡಿದೆ. ಹಪ್ಪಳ, ಸಂಡಿಗೆ, ಸೊಳೆ, ಮಿಡಿ, ತಲೆಗೆ ದಾಸವಾಳದ ಗಂಪು (ಎಲೆಯ ಲೋಳೆ), ರೇಷ್ಮೆಗೆ ಅಂಟುವಾಳ, ಮನೆಯದೇ ಕೊಬ್ಬರಿ ಎಣ್ಣೆ. ಒಂದು ಸಲ ಕುಳಿತು ಲೆಕ್ಕ ಹಾಕಿದೆ. ಬೆಳಿಗ್ಗೆ ಐದಕ್ಕೆ ಹಲಸು ಕೊಚ್ಚಲು ಶುರು ಮಾಡಿ ಸಂಜೆ ಕತ್ತಲಾಗುವ ತನಕ ಇಬ್ಬರು ಮಾಡಿದ ಹಪ್ಪಳ ನೂರಾ ಎಪ್ಪತ್ತು. ಮರುದಿನ ಮೋಡ, ಅರ್ಧಕ್ಕೆ ಬೂಸ್ಟು. ಸೊಂಟ ಹಿಡಿದದ್ದಕ್ಕೆ ಎಣ್ಣೆ, ಮಾತ್ರೆ ಬೇರೆ. ನಮ್ಮೂರಲ್ಲೇ ಸ್ತ್ರೀಶಕ್ತಿ ಸಂಘದವರು ಮಾಡಿ ಮಾರುತ್ತಾರೆ, ಈಗ ಅವರ ಹತ್ತಿರವೇ ಕೊಳ್ಳುತ್ತೇನೆ. ದುಡ್ಡು ಊರಲ್ಲೇ ಉಳಿಯಿತಲ್ಲ.

ಬಿಡದೆ ಇಟ್ಟುಕೊಂಡದ್ದು ಏನು ಅಂದರೆ, ಒಂದು ಸಲ ಕೈ ಹಾಕಿದರೆ ತನ್ನಷ್ಟಕ್ಕೆ ಇರುವಂಥವು: ಸೊಳೆ, ಮಿಡಿ, ಮುರುಗಲು, ತೂಗಿದ ಮೊಗೆಕಾಯಿ. ದಿನದಿನವೂ ಬಿಸಿಲು ನೋಡಿ ಹರಡಿ ಎತ್ತಿ ಒಳಗಿಡುವಂಥದ್ದು ಬೇಡವೇ ಬೇಡ. ಗೋಬರ್ ಗ್ಯಾಸ್ ಬಗ್ಗೆ ಬರೆದ ಅಣ್ಣನಿಗೆ ಒಂದು ಪ್ರಶ್ನೆ: ದಿನಾ ಬೆಳಿಗ್ಗೆ ಸಗಣಿ ಕದಡುವವರು ಯಾರು, ನೀವೋ ಅತ್ತಿಗೆಯೋ? ತಂಗೀ, ಊರಿಗೆ ಬರುವುದು ಇಬ್ಬರ ಆಸೆಯಾಗಿದ್ದರೆ ಕೊಟ್ಟಿಗೆಯಲ್ಲಿ ಗಂಡನ ಪಾಲು ಎಷ್ಟು ಅಂತ ಮೊದಲ ವಾರವೇ ಇತ್ಯರ್ಥವಾಗಲಿ. ಎರಡನೇ ವರ್ಷಕ್ಕೆ ಅದು ಮಾತಾಡುವ ವಿಷಯವಾಗಿ ಉಳಿಯುವುದಿಲ್ಲ, ರೂಢಿಯಾಗಿಬಿಟ್ಟಿರುತ್ತದೆ.

ಸಿದ್ದಾಪುರ, ಬಿಳಗಿ ಕಡೆಯಿಂದ:

ಸಿಕ್ಕಿಬಿದ್ದೆ. ಇಪ್ಪತ್ತು ವರ್ಷ ಅವಳೇ ಕದಡಿದ್ದು. ಅವಳ ಮಂಡಿ ಆಪರೇಷನ್ ಆದ ಮೇಲೆ ನಾನು.

ಕೇಳಿದವರು:

ಎಲ್ಲರಿಗೂ ಕೈ ಮುಗಿದೆ. ಸೊಸೆ ಅಕ್ಕನ ಉತ್ತರವನ್ನು ಗಂಡನಿಗೆ ಓದಿಸಿದೆ. ಮಾತಾಡಲಿಲ್ಲ, ಆದರೆ ಇವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಪ್ಪಳ ಕೇಳಿತು. ಆಕಳು ಒಂದು ಜರ್ಸಿ, ಒಂದು ಗಿಡ್ಡ. ಹಳೆಯ ಗುಂಡಿ ಸಿಕ್ಕಿದೆ, ಮೇಲೆ ಕೆಸುವಿನ ಗಿಡ ಹುಟ್ಟಿತ್ತು, ಮೇಸ್ತ್ರಿ ನಾಳೆ ಬರುತ್ತಾರೆ. ಈ ವರ್ಷ ಮುನ್ನೂರು ಮಿಡಿ, ಒಂದು ಪಾತ್ರೆ ಸೊಳೆ, ಈರುಳ್ಳಿ ಎರಡು ಜಡೆ, ಅಷ್ಟೇ. ಹಪ್ಪಳ ಕೊಳ್ಳುವುದು. ಕ್ಯಾಲೆಂಡರ್ ತೂಗಿ ಆಯಿತು. ಒಂದೇ ಅನುಮಾನ, ಭರಣಿ ಒಡೆದಿದೆ, ಪ್ಲಾಸ್ಟಿಕ್ ಡ್ರಮ್ಮು ನಡೆಯುತ್ತದಾ?

ಹುಲೇಕಲ್ ಅಜ್ಜಿ:

ಸೊಳೆಗೆ ನಡೆಯುತ್ತದೆ, ತಿನ್ನುವ ಪದಾರ್ಥ ಹಾಕುವ ಡ್ರಮ್ಮಾಗಿರಬೇಕು, ಮದ್ದಿನ ಡ್ರಮ್ಮು ತೊಳೆದು ಬಳಸುವುದು ಬೇಡ. ಮಿಡಿಗೆ ಪಿಂಗಾಣಿ ಭರಣಿಯೇ ಆಗಬೇಕು. ನಮ್ಮಲ್ಲಿ ಮೂರು ಖಾಲಿ ಬಿದ್ದಿವೆ, ನಾನೂ ಈಗ ಮೊದಲಿನಷ್ಟು ಹಾಕುವುದಿಲ್ಲ, ತಿನ್ನುವವರೆಲ್ಲ ಬೆಂಗಳೂರಲ್ಲಿ. ಒಂದು ಒಯ್ಯಿ. ಮೊಗೆಬೀಜ ಬೂದಿ ಹಾಕಿ ಇಟ್ಟದ್ದಿದೆ, ಅದನ್ನೂ ಒಳಗೆ ಹಾಕಿಡುತ್ತೇನೆ. ಆ ಸೊಸೆ ಹುಡುಗಿ ಹೇಳಿದ್ದು ಸರಿ, ನಮಗೆ ಆಗ ಕೇಳುವವರು ಇರಲಿಲ್ಲ. ಬರುವಾಗ ಮಗಳನ್ನು ಕರೆದುಕೊಂಡು ಬಾ.