ಸಹಾಯ ಬೇಕು: ಅಪ್ಪನಿಗೆ ಪಾದದಲ್ಲಿ ನೋವೇ ಗೊತ್ತಾಗುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ 19 ವರ್ಷ ಆಯಿತು. ಮೊನ್ನೆ ಶೂ ಒಳಗೆ ಸಣ್ಣ ಕಲ್ಲು ಸೇರಿಕೊಂಡಿದೆ, ಅವರಿಗೆ ಗೊತ್ತೇ ಆಗದೆ ಇಡೀ ದಿನ ಓಡಾಡಿದ್ದಾರೆ, ರಾತ್ರಿ ಸಾಕ್ಸ್ ಮೇಲೆ ರಕ್ತ ನೋಡಿ ನನಗೆ ಕೈಕಾಲೇ ಆಡಲಿಲ್ಲ.

ಡಾಕ್ಟರು ತೆಳ್ಳಗಿನ ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡಿದರು. ಬೆರಳುಗಳ ಕೆಳಗೆ ಸ್ಪರ್ಶವೇ ಇಲ್ಲ. ನರ ಹಾಳಾದರೆ ನೋವು ಆಗುವುದಿಲ್ಲ, ಗಾಯ ಒಳಗೊಳಗೇ ಬೆಳೆಯುತ್ತದೆ, ಅದೇ ಜಾಸ್ತಿ ಅಪಾಯ ಅಂದರು. ಸಾಲದ್ದಕ್ಕೆ 40 ವರ್ಷದ ಸಿಗರೇಟು ಚಟ, ಕಾಲಿಗೆ ರಕ್ತ ಓಡಾಟ ಕಮ್ಮಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 9.2, ಅಂದರೆ ಸಕ್ಕರೆ ಹತೋಟಿಯಲ್ಲಿಲ್ಲ. ಪಾದದಲ್ಲಿ ಗಟ್ಟಿಯಾದ ಚರ್ಮವನ್ನು ಬ್ಲೇಡಿನಿಂದ ತಾವೇ ಕೆತ್ತಿಕೊಳ್ಳುತ್ತಾರೆ! ಬಗ್ಗಲು ಆಗುವುದಿಲ್ಲ, ಕಣ್ಣೂ ಮಂಜು, ಕೇಳಿದರೆ "ನೋವಿಲ್ಲ ಬಿಡು" ಅಂತಾರೆ. ನೋವಿಲ್ಲ ಅನ್ನೋದೇ ನನ್ನ ಭಯ ಅಲ್ವಾ.

ಈಗ ದಿನಾ ರಾತ್ರಿ ನಾನೇ ಟಾರ್ಚ್ ಹಿಡಿದು ಬೆರಳ ಸಂದು ನೋಡುತ್ತೇನೆ. ಇಂಥ ಸ್ಥಿತಿಯಲ್ಲಿ ಪಾದದ ತಪಾಸಣೆ ಎಷ್ಟು ತಿಂಗಳಿಗೊಮ್ಮೆ ಮಾಡಿಸುತ್ತೀರಿ? ಕಾಲಿನ ರಕ್ತ ಓಡಾಟ ತಿಳಿಯಲು ಹಿಮ್ಮಡಿ ಗಂಟಿನ ಹತ್ತಿರ ಬಿಪಿ ನೋಡುವ ಪರೀಕ್ಷೆ ಯಾರಾದರೂ ಮಾಡಿಸಿದ್ದೀರಾ? ಮೆತ್ತನೆಯ ಅಗಲ ಶೂ ಆರಿಸುವಾಗ ಏನು ನೋಡಬೇಕು? ಮುಖ್ಯವಾಗಿ, ಹಟ ಮಾಡುವ ಹಿರಿಯರಿಗೆ ಸಿಗರೇಟು ಬಿಡಿಸಿದವರಿದ್ದರೆ ಹೇಗೆ ಅಂತ ದಯವಿಟ್ಟು ಹೇಳಿ.