24-7 ಮುಂದಿದ್ದ ಲಯನ್ಸ್ ಫೀಲ್ಡ್ ಗೋಲ್ ಬಿಟ್ಟಿದ್ದು ತಪ್ಪಾ?

ಡೆಟ್ರಾಯ್ಟ್‌ಚಳಿ:
2024ರ ಜನವರಿ 28ರ ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್ ಮ್ಯಾಚ್ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಸಾಂಟಾ ಕ್ಲಾರಾದಲ್ಲಿ ಫಾರ್ಟಿನೈನರ್ಸ್ ವಿರುದ್ಧ ಅರ್ಧ ಆಟಕ್ಕೆ ನಮ್ಮ ಡೆಟ್ರಾಯ್ಟ್ ಲಯನ್ಸ್ 24-7 ಮುಂದಿತ್ತು. ಮೂರನೇ ಕ್ವಾರ್ಟರ್‌ನಲ್ಲಿ 24-10 ಇದ್ದಾಗ ಅವರ 28 ಯಾರ್ಡ್ ಗೆರೆಯಲ್ಲಿ (ಅವರ ಗೋಲ್ ಗೆರೆಗೆ 28 ಯಾರ್ಡ್ ದೂರ) ಫೋರ್ತ್ ಡೌನ್, ಅಂದರೆ 10 ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು, ತಪ್ಪಿದರೆ ಚೆಂಡು ಎದುರಾಳಿಗೆ. ಬೇಕಿದ್ದದ್ದು ಬರೀ 2 ಯಾರ್ಡ್. ಕೋಚ್ ಡ್ಯಾನ್ ಕ್ಯಾಂಬೆಲ್ ಫೀಲ್ಡ್ ಗೋಲ್ ಕಿಕ್ (ಚೆಂಡು ಕಂಬಗಳ ನಡುವೆ ಹೋದರೆ 3 ಪಾಯಿಂಟ್) ಬೇಡ ಅಂದರು. ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಕೈಗೆ ಬಡಿದು ನೆಲಕ್ಕೆ ಬಿತ್ತು. ಕೊನೆಗೆ 34-31 ಸೋಲು, ಮೂರೇ ಪಾಯಿಂಟ್! ಆ ಕಿಕ್ ಹೊಡೆಯಬೇಕಿತ್ತು ಅಲ್ವಾ?

ಭಾನುವಾರದ_ಕಾಫಿ:
ಕೈಗೆ ಬಂದ ಚೆಂಡು ಬಿದ್ದರೆ ಕೋಚ್ ಏನು ಮಾಡಬೇಕು? ಎಸೆತ ಸರಿಯಾಗಿಯೇ ಇತ್ತು. ಕಿಕ್ ಕೂಡ ಸುಲಭದ್ದಲ್ಲ. ಗೆರೆ 28 ಅಂದರೂ ಕಂಬ ಇರುವುದು ಇನ್ನೂ 10 ಯಾರ್ಡ್ ಹಿಂದೆ, ಹೊಡೆಯುವವನು ನಿಲ್ಲುವುದು ಗೆರೆಗಿಂತ ಏಳೆಂಟು ಯಾರ್ಡ್ ಈಚೆ, ಒಟ್ಟು 46ರ ಹತ್ತಿರ ಆಗುತ್ತದೆ. 32 ವರ್ಷ ಒಂದು ಪ್ಲೇಆಫ್ ಮ್ಯಾಚ್ ಗೆಲ್ಲದ ಟೀಮ್ ಅಲ್ಲಿವರೆಗೆ ಬಂದದ್ದೇ ಈ ಧೈರ್ಯದಿಂದ.

ಮೂರನೇಸಾಲು:
ಧೈರ್ಯ ಸರಿ, ಆದರೆ ಲೆಕ್ಕ ನೋಡಿ. 14 ಪಾಯಿಂಟ್ ಹಿಂದಿದ್ದವರಿಗೆ ಎರಡು ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸುವುದು, ಹೆಚ್ಚುವರಿ ಕಿಕ್ ಸೇರಿ 7 ಪಾಯಿಂಟ್) ಸಾಕು. 17 ಆದರೆ ಮೂರು ಸಲ ಸ್ಕೋರ್ ಮಾಡಬೇಕು. ಮುಂದಿರುವವರಿಗೆ ಬೇಕಾದದ್ದು ಗಡಿಯಾರ ಓಡುವುದು, ಸಾಹಸ ಅಲ್ಲ. 2017ರ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಫೈನಲ್) ಫಾಲ್ಕನ್ಸ್ 28-20 ಮುಂದಿದ್ದು, ಪೇಟ್ರಿಯಟ್ಸ್‌ನ 22 ಯಾರ್ಡ್‌ವರೆಗೆ ಬಂದಿತ್ತು. ಸುಮ್ನೆ ಚೆಂಡು ಹಿಡಿದು ಓಡಿ ಕಿಕ್ ಹೊಡೆದಿದ್ದರೆ ಸಾಕಿತ್ತು. ಪಾಸ್ ಮಾಡೋಕೆ ಹೋಗಿ ಸ್ಯಾಕ್ ಆದರು (ಎಸೆಯುವ ಮೊದಲೇ ಎದುರಾಳಿ ಕೆಡವಿದರು), ಮೇಲೆ ಪೆನಾಲ್ಟಿ ಬೇರೆ, ಕಿಕ್ ಎಟುಕದಷ್ಟು ಹಿಂದೆ ಹೋದರು. ಓವರ್‌ಟೈಮ್‌ನಲ್ಲಿ 34-28 ಸೋತರು.

ಭಾನುವಾರದ_ಕಾಫಿ:
ಮರುವರ್ಷದ ಸೂಪರ್ ಬೌಲ್‌ನಲ್ಲೇ, ಅದೇ ಪೇಟ್ರಿಯಟ್ಸ್ ವಿರುದ್ಧ ಈಗಲ್ಸ್ ಏನು ಮಾಡಿತು? ಎಲ್ಲರೂ ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ಫೋಲ್ಸ್ ತಾನೇ ಹಿಡಿದ ಆ ಟಚ್‌ಡೌನ್ ಮಾತ್ರ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಕೊನೇ ಕ್ವಾರ್ಟರ್‌ನದ್ದು: 33-32 ಹಿಂದೆ, ತಮ್ಮದೇ 45 ಯಾರ್ಡ್‌ನಲ್ಲಿ ಫೋರ್ತ್ ಡೌನ್, ಆರು ನಿಮಿಷವೂ ಉಳಿದಿಲ್ಲ. ಪಂಟ್ ಮಾಡಿದ್ದರೆ (ದೂರಕ್ಕೆ ಒದ್ದು ಬಿಟ್ಟುಕೊಟ್ಟಿದ್ದರೆ) ಚೆಂಡು ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರೇಡಿ ಕೈಗೆ. ಅವರು ಆಡಿದರು, ಅರ್ಟ್ಸ್ ಹಿಡಿದ, 41-33 ಗೆದ್ದರು.

ಡೆಟ್ರಾಯ್ಟ್‌ಚಳಿ:
ಇಬ್ಬರಿಗೂ ಥ್ಯಾಂಕ್ಸ್. ಕ್ಯಾಂಬೆಲ್‌ನ ಮೊದಲ ನಿರ್ಧಾರವನ್ನು ಒಪ್ಪುತ್ತೇನೆ, ರೆನಾಲ್ಡ್ಸ್ ಹಿಡಿದಿದ್ದರೆ ನಾನು ಈ ಪ್ರಶ್ನೆಯನ್ನೇ ಹಾಕುತ್ತಿರಲಿಲ್ಲ. ಆದರೆ ಅದೇ ಮ್ಯಾಚ್‌ನಲ್ಲಿ ಏಳೂವರೆ ನಿಮಿಷ ಉಳಿದಾಗ, 27-24 ಹಿಂದಿದ್ದು, 30 ಯಾರ್ಡ್ ಗೆರೆಯಲ್ಲಿ ಮತ್ತೆ ಕಿಕ್ ಬಿಟ್ಟರಲ್ಲ, ಅಲ್ಲಿ ಮೂರು ಪಾಯಿಂಟ್ ಸಿಕ್ಕರೆ ಸ್ಕೋರ್ ಸಮ ಆಗುತ್ತಿತ್ತು. ಅದನ್ನು ಮಾತ್ರ ಒಪ್ಪೋಕೆ ಇನ್ನೂ ಆಗಿಲ್ಲ.