ಸಹಾಯ ಬೇಕು: ಹೇಝಿ ಐಪಿಎ ಬಿಯರ್ ಯಾವುದರಿಂದ ಶುರು ಮಾಡಲಿ?

ನಮಸ್ಕಾರ. ಬಾಸ್ಟನ್ ಕಡೆಯ ಕನ್ನಡಿಗರಲ್ಲಿ ಕ್ರಾಫ್ಟ್ ಬಿಯರ್ ಬಲ್ಲವರು ಸ್ವಲ್ಪ ದಾರಿ ತೋರಿಸಿ. ಊರಲ್ಲಿದ್ದಾಗ ಲಾಗರ್ (ಮಾಮೂಲಿ ತಿಳಿ ಬಿಯರ್) ಬಿಟ್ಟು ಬೇರೆ ಕುಡಿದವನಲ್ಲ. ಇಲ್ಲಿ ಗೆಳೆಯರೊಬ್ಬರು ಸಿಯೆರಾ ನೆವಾಡಾ ಬ್ರೂವರಿಯ ಹೇಝಿ ಲಿಟಲ್ ಥಿಂಗ್ ಅನ್ನೋ ಹೇಝಿ ಐಪಿಎ (ಮಬ್ಬಾಗಿ ಕಾಣುವ, ಹಾಪ್ಸ್ ಘಮದ ಬಿಯರ್) ಕೊಟ್ಟರು. ತುಂಬಾ ಹಿಡಿಸಿತು. ಓಟ್ಸ್, ಗೋಧಿ ಸೇರಿಸುವುದರಿಂದ ಬಾಯಿಗೆ ಮೆತ್ತಗೆ ಇರುತ್ತದಂತೆ. ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವನ್ನು ಕುದಿಯುವಾಗ ಕಮ್ಮಿ ಹಾಕಿ, ಆಮೇಲೆ ಜಾಸ್ತಿ ಹಾಕುತ್ತಾರಂತೆ. ಅದಕ್ಕೇ ಕಹಿಗಿಂತ ಮಾವು, ಕಿತ್ತಳೆಯ ಘಮವೇ ಮುಂದೆ ಬರುವುದು.

ಈ ಬಗೆಯ ಬಿಯರಿಗೆ ಹೆಸರು ತಂದಿದ್ದು ಪಕ್ಕದ ವರ್ಮಾಂಟ್‌ನ ಬ್ರೂವರಿ ದಿ ಆಲ್ಕೆಮಿಸ್ಟ್‌ನವರ ಹೆಡಿ ಟಾಪರ್ ಅಲ್ವಾ? ಆದರೆ ಅದರಲ್ಲಿ ಆಲ್ಕೋಹಾಲ್ ಶೇ. 8. ಹೊಸಬನಿಗೆ ಜಾಸ್ತಿ ಆಗಬಹುದಾ? ಚಾರ್ಲ್ಟನ್‌ನ ಬ್ರೂವರಿ ಟ್ರೀ ಹೌಸ್‌ಗೆ ಹೋಗಿ ಜೂಲಿಯಸ್ ಕುಡಿಯಲಾ, ಇಲ್ಲ ಟ್ರಿಲಿಯಮ್‌ನವರ ಫೋರ್ಟ್ ಪಾಯಿಂಟ್ ಪೇಲ್ ಏಲ್ ಮೊದಲಾ? ಶೇ. 5ರ ಆಸುಪಾಸಿನದು ಗೊತ್ತಿದ್ದರೆ ಅದನ್ನೇ ಹೇಳಿ, ನನಗೆ ರುಚಿ ಮುಖ್ಯ, ಮತ್ತಲ್ಲ.

ಇನ್ನೊಂದು ಪ್ರಶ್ನೆ. ಹಳೆಯದಾದರೆ ಹಾಪ್ಸ್ ಘಮ ಬೇಗ ಹೋಗುತ್ತದೆ ಅಂತಾರೆ. ಕ್ಯಾನ್ ಮೇಲಿನ ತಾರೀಕು ನೋಡಿ ಎಷ್ಟು ವಾರದೊಳಗಿನದು ತಗೋಬೇಕು? ಫ್ರಿಜ್ ಹೊರಗೆ ಇಟ್ಟು ಮಾರುವ ಅಂಗಡಿಯಲ್ಲಿ ಕೊಳ್ಳಬಹುದಾ? ವಾರಾಂತ್ಯಕ್ಕೆ ಹೊರಡುತ್ತಿದ್ದೇವೆ, ಕುಡಿಯದ ಗೆಳೆಯರೇ ಕಾರು ಓಡಿಸುತ್ತಾರೆ. ಅಷ್ಟರೊಳಗೆ ಹೇಳಿದರೆ ಬಹಳ ಉಪಕಾರ.